ಊರಿಗೆ ಏನು ಉಳಿಯುತ್ತೆ ಅಂತ ಕೇಳಿದ ಪುಟ್ಟಿಗೆ

ಪುಟ್ಟೀ,

ಮನೆ ಸುದ್ದಿಯೆಲ್ಲ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಕಾಗದದ ಒಂದು ಸಾಲು ಎರಡು ದಿನದಿಂದ ನನಗೆ ನಿದ್ದೆ ಕೊಡುತ್ತಿಲ್ಲ. ಘಾನಾದ ಅಕ್ರಾದಲ್ಲಿ ನೀನು ಕೆಲಸ ಮಾಡುವ ಕಲಾ ಗ್ಯಾಲರಿಯಲ್ಲಿ ಪೆಟ್ಟಿಗೆಗೆ ಮೊಳೆ ಹೊಡೆಸುವಾಗಲೆಲ್ಲ, ಇದು ಲಂಡನ್ನಿಗೆ ಹೋಗುತ್ತೆ, ಮಾಡಿದವನ ಅಮ್ಮ ಕೂಡ ಇದನ್ನು ಇನ್ನು ನೋಡಲ್ಲ, ಊರಿಗೆ ಏನು ಉಳಿಯುತ್ತೆ ದೊಡ್ಡಮ್ಮ ಅಂತ ಬರೆದಿದ್ದೀಯಲ್ಲ, ಅದು.

ನಾವು ನೈಜೀರಿಯಾದ ಎನ್ಸುಕ್ಕಾದಲ್ಲಿದ್ದದ್ದು 1979ರಿಂದ 1983. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ, ಅಲ್ಲಿನ ಇಗ್ಬೊ ಜನಾಂಗದವರು. ಒಂದು ಸಂಜೆ ನನ್ನ ಕೈ ಹಿಡಿದು ಕೂರಿಸಿಕೊಂಡು ಉಲಿ ಬರೆದರು. ಗಿಡದ ಕಾಯಿಯಿಂದ ತೆಗೆದ ರಸ ಅದು. ಕಡ್ಡಿ ಅದ್ದಿ ಎಳೆದಾಗ ನೀರಿನ ಗೆರೆಯಷ್ಟೇ ಕಾಣಿಸಿತು. ಬೆಳಿಗ್ಗೆ ಎದ್ದು ನೋಡಿದರೆ ಮೊಣಕೈವರೆಗೆ ಕಪ್ಪಗೆ ಒಂದು ಬಳ್ಳಿ, ಒಂದು ಸುರುಳಿ, ಸುತ್ತ ತುಂಬಾ ಖಾಲಿ ಜಾಗ. ನಮ್ಮ ಮದರಂಗಿಯ ಹಾಗೆ ಅವರು ಕೈ ತುಂಬಿಸುವುದಿಲ್ಲ. ಅವತ್ತು ನಮ್ಮ ಕಡೆಯವರ ಮನೆಯಲ್ಲಿ ಊಟವಿತ್ತು. ಅವರು ಏನಂದುಕೊಳ್ಳುತ್ತಾರೋ ಅಂತ ನಾನು ಹಿತ್ತಲಲ್ಲಿ ಬಕೆಟ್ ಇಟ್ಟುಕೊಂಡು ಸೋಪು ಹಚ್ಚಿ ನಾರಿನಿಂದ ತಿಕ್ಕಿದೆ. ಚರ್ಮ ಕೆಂಪಾಯ್ತು, ಉಲಿ ಹೋಗಲಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಒಂದು ವಾರ ಬಿಟ್ಟಿದ್ದರೆ ತಾನಾಗಿಯೇ ಮಾಸುತ್ತಿತ್ತು ಪುಟ್ಟೀ, ಅಷ್ಟೇ ಇತ್ತು.

ಅವರ ಹೆಂಗಸರು ಉಲಿಯ ಗೆರೆಗಳನ್ನು ಮಣ್ಣಿನ ಗೋಡೆ ಮೇಲೂ ಬರೆಯುತ್ತಿದ್ದರು, ಮಳೆಗೆ ಅದು ತೊಳೆದು ಹೋಗುತ್ತಿತ್ತು, ಮಳೆ ನಿಂತ ಮೇಲೆ ಮತ್ತೆ ಬರೆಯುತ್ತಿದ್ದರು. ಉಚೆ ಒಕೆಕೆ ಅನ್ನುವ ಚಿತ್ರಕಾರರು ತಮ್ಮ ತಾಯಿಯಿಂದಲೇ ಅದನ್ನು ಕಲಿತು, 1970ರ ದಶಕದಲ್ಲಿ ಎನ್ಸುಕ್ಕಾದ ಯೂನಿವರ್ಸಿಟಿಗೆ ತಂದರು. ಘಾನಾದ ಶಿಲ್ಪಿ ಎಲ್ ಅನಾಟ್ಸುಯಿ 1975ರಿಂದ ಅಲ್ಲೇ ಪಾಠ ಮಾಡುತ್ತಿದ್ದರು. ನಾನು ನಾಲ್ಕು ವರ್ಷ ಆ ಊರಿನಲ್ಲಿದ್ದೆ, ಒಂದು ದಿನವೂ ಅತ್ತ ಹೋಗಲಿಲ್ಲ. 2015ರಲ್ಲಿ ವೆನಿಸ್‌ನ ದೊಡ್ಡ ಕಲಾಮೇಳದಲ್ಲಿ ಅನಾಟ್ಸುಯಿ ಅವರಿಗೆ ಚಿನ್ನದ ಸಿಂಹ ಪ್ರಶಸ್ತಿ ಕೊಟ್ಟಾಗ ಪೇಪರಿನಲ್ಲಿ ಓದಿ ಸುಮ್ನೆ ಕೂತುಬಿಟ್ಟೆ.

ಹೆಂಡದ ಬಾಟಲಿ ಮುಚ್ಚಳಗಳನ್ನು ತಟ್ಟಿ ಚಪ್ಪಟೆ ಮಾಡಿ, ತಾಮ್ರದ ತಂತಿಯಲ್ಲಿ ಒಂದಕ್ಕೊಂದು ಹೊಲಿದು ಅವರು ಮಾಡುವ ಆ ದೊಡ್ಡ ಬಟ್ಟೆಯಂಥ ಕೆಲಸ ನೀನು ನೋಡಿರುತ್ತೀಯ. ಪಶ್ಚಿಮ ಆಫ್ರಿಕಾದ ಆ ಕರಾವಳಿಗೆ ಯುರೋಪಿನವರು ಹಡಗಿನಲ್ಲಿ ಹೆಂಡ ತಂದರು, ಅದೇ ವ್ಯಾಪಾರದಲ್ಲಿ ಮನುಷ್ಯರನ್ನು ಗುಲಾಮರಾಗಿ ಕೊಂಡೊಯ್ದರು. ಆ ಮುಚ್ಚಳ ಹೊಲಿದದ್ದು ಎನ್ಸುಕ್ಕಾದ ಹುಡುಗರು, ಹತ್ತಾರು ಜನ ಒಟ್ಟಿಗೆ ಕೂತು. ಬಟ್ಟೆ ಹೊರಗೆ ಹೋಯ್ತು ನಿಜ. ಆ ಕೈಗಳು ಊರಲ್ಲೇ ಇದ್ದವಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಆದರೂ ನಿನ್ನ ಭಯ ಸುಳ್ಳು ಅನ್ನಲಾರೆ. 1897ರಲ್ಲಿ ಬ್ರಿಟಿಷರು ಈಗಿನ ನೈಜೀರಿಯಾದಲ್ಲಿದ್ದ ಬೆನಿನ್ ರಾಜ್ಯದ ಅರಮನೆ ಸುಟ್ಟು, ಸಾವಿರಾರು ಕಂಚಿನ, ದಂತದ ಕೆಲಸಗಳನ್ನು ಹೊತ್ತುಕೊಂಡು ಹೋದರು. ಎಷ್ಟೋ ಇನ್ನೂ ವಾಪಸ್ ಬಂದಿಲ್ಲ. ಅದು ಲೂಟಿ, ಈಗಿನದು ಮಾರಾಟ, ಎರಡೂ ಒಂದೇ ಅಲ್ಲ. ಆದರೆ ಅಂಥದ್ದೆಲ್ಲ ಕಳೆದುಕೊಂಡ ಕಡೆ ಪೆಟ್ಟಿಗೆ ಕಟ್ಟುವವರಿಗೆ ಮನಸ್ಸು ಚುಚ್ಚಬೇಕಾದ್ದೇ, ಅಲ್ವಾ.

ಏನು ಮಾಡು ಅಂತ ಹೇಳಲು ನನಗೆ ಜಾಸ್ತಿ ಗೊತ್ತಿಲ್ಲ. ರಜೆ ಸಿಕ್ಕರೆ ಘಾನಾದ ಉತ್ತರಕ್ಕಿರುವ ತಮಾಲೆಗೆ ಹೋಗಿ ಬಾ. ದೂರ ಇದೆ, ಬಸ್ಸಿಗೆ ಶಾಲು ಇಟ್ಟುಕೋ. ಕಲಾವಿದ ಇಬ್ರಾಹಿಂ ಮಹಾಮ ಆ ಊರಿನವನು, 1987ರಲ್ಲಿ ಹುಟ್ಟಿದವನು, ಕೋಕೋ ತುಂಬುತ್ತಿದ್ದ ಹಳೇ ಗೋಣಿಚೀಲ ಹೊಲಿದು ದೊಡ್ಡ ದೊಡ್ಡ ಕಟ್ಟಡಗಳಿಗೇ ಹೊದಿಸಿದವನು. ಹೊರಗೆ ಮಾರಿ ಬಂದ ದುಡ್ಡಲ್ಲಿ ತನ್ನ ಊರಲ್ಲೇ 2019ರಲ್ಲಿ ಒಂದು ಕಲಾಕೇಂದ್ರ ಮಾಡಿದ, ಆಮೇಲೆ ರೆಡ್ ಕ್ಲೇ ಅಂತ ಇನ್ನೊಂದು. ಅಲ್ಲಿ ಹಳೇ ವಿಮಾನಗಳಿವೆ, ಶಾಲೆ ಮಕ್ಕಳು ಅವುಗಳೊಳಗೆ ಕೂತು ಪಾಠ ಕಲಿಯುತ್ತಾರಂತೆ. ಊರಿಗೆ ಏನು ಉಳಿಯುತ್ತೆ ಅಂತ ಆ ಮಕ್ಕಳ ಪಕ್ಕ ಕೂತು ಒಂದು ಸಲ ನೋಡು.

ಇನ್ನೊಂದು, ತಪ್ಪು ತಿಳಿಯಬೇಡ. ಪೆಟ್ಟಿಗೆ ಮುಚ್ಚುವ ಮೊದಲು ಮಾಡಿದವರ ಮನೆಯವರನ್ನು ಕರೆದು ತೋರಿಸಲು ಆಗುತ್ತಾ? ನಿಮ್ಮ ಆಫೀಸಿನವರು ಒಪ್ಪುತ್ತಾರೋ ಇಲ್ಲವೋ, ಕೇಳಿ ನೋಡು. ಒಂದು ಅರ್ಧ ದಿನ ತಡವಾಗಬಹುದು.

ಆ ಅಜ್ಜಿಯ ಹೆಸರನ್ನು ನಾನು ಎಲ್ಲೂ ಬರೆದಿಟ್ಟುಕೊಳ್ಳಲಿಲ್ಲ. ನೀನು ಬರೆದಿಟ್ಟುಕೋ, ಯಾರ್‍ಯಾರ ಪೆಟ್ಟಿಗೆ ಕಟ್ಟಿದೆ ಅಂತ.

ನಿನ್ನ
ದೊಡ್ಡಮ್ಮ