ವೆಬ್‌ಸೈಟಿನ ಬೀಗದ ಕೈ ನಮ್ಮ ಹತ್ತಿರವೇ ಇರಲಿ

ಮಾನ್ಯ ಸಂಪಾದಕರೇ,

ಮಂಡ್ಯ ತಾಲ್ಲೂಕಿನ ನಮ್ಮೂರಲ್ಲಿ ಅಪ್ಪ ಆಲೆ ಆಡಿಸುತ್ತಾರೆ. ನಾನು ಕಂಪ್ಯೂಟರ್ ಡಿಪ್ಲೊಮಾ ಓದಿ, ಈಗ ಆಲೆಮನೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ನಾಲ್ಕು ವರ್ಷದ ಹಿಂದೆ ಸುತ್ತಮುತ್ತಲಿನ ಒಂಬತ್ತು ಆಲೆಮನೆಯವರು ಸೇರಿ, ಬೆಲ್ಲವನ್ನು ನೇರವಾಗಿ ಗಿರಾಕಿಗಳಿಗೆ ಮಾರೋಣ ಎಂದು ಒಂದು ವೆಬ್‌ಸೈಟ್ ಮಾಡಿಸಿದೆವು. ಮಾಡಿಕೊಟ್ಟ ಕಂಪನಿಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದ್ದೆವು. ಮೂರನೇ ವರ್ಷ 55,000 ಕೇಳಿದರು. ಅಷ್ಟು ಆಗಲ್ಲ ಎಂದೆವು. ವಾರದೊಳಗೆ ಸೈಟ್ ಬಂದ್ ಆಯಿತು.

ಆಮೇಲೆ ಗೊತ್ತಾಯಿತು, ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು ಕೂಡ ನಮ್ಮ ಹೆಸರಲ್ಲಿ ಇರಲಿಲ್ಲ. ಗಿರಾಕಿಗಳ ಹೆಸರು, ವಿಳಾಸ, ಎರಡು ವರ್ಷದ ಆರ್ಡರ್ ಎಲ್ಲಾ ಅವರ ಡೇಟಾಬೇಸಿನಲ್ಲೇ ಉಳಿದವು. ಕೇಳಿದರೆ ಕೊಡಲಿಲ್ಲ. ಅಪ್ಪನ ಹಳೇ ಡೈರಿ, ಫೋನಿನ ಮೆಸೇಜು ಹುಡುಕಿ ಹುಡುಕಿ ಅರ್ಧದಷ್ಟು ಹೆಸರು ಮತ್ತೆ ಬರೆದುಕೊಂಡೆ. ಆ ಹದಿನೈದು ದಿನ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ.

ಇದು ನಮ್ಮೊಬ್ಬರ ಕಥೆ ಅಲ್ಲ ಅನ್ನಿಸಿದ್ದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಹಾಲಿನ ಸೊಸೈಟಿ, ರೈತರ ಕಂಪನಿ, ಸಣ್ಣ ಶಾಲೆ ಹೀಗೆ ಎಷ್ಟೋ ಕಡೆ ವೆಬ್‌ಸೈಟ್ ಇರುತ್ತದೆ, ಪಾಸ್‌ವರ್ಡ್ ಮಾತ್ರ ಬೇರೆ ಯಾರದ್ದೋ ಹತ್ತಿರ ಇರುತ್ತದೆ.

ನಮ್ಮದು ಮದುವೆ ಕರೆಯೋಲೆಯ ಹಾಗೆ ಒಮ್ಮೆ ಅಚ್ಚು ಹಾಕಿ ಮುಗಿಸುವ ಪುಟ ಅಲ್ಲ. ಬೆಳಿಗ್ಗೆ ರೇಟು ಬದಲಾದರೆ ಪುಟದಲ್ಲೂ ಬದಲಾಗಬೇಕು. ಅಚ್ಚು ಬೆಲ್ಲ ಎಷ್ಟು ಉಳಿದಿದೆ, ಉಂಡೆ ಬೆಲ್ಲ ಯಾರ ಆಲೆಮನೆಯದ್ದು ಎಂದು ಸರ್ವರ್, ಅಂದರೆ ಸೈಟನ್ನು ನಡೆಸುವ ಕಂಪ್ಯೂಟರ್, ಪ್ರತಿ ಸಲ ಡೇಟಾಬೇಸ್ ನೋಡಿ, ಆಗಿಂದಾಗಲೇ ಪುಟ ಕಟ್ಟಿ ಕೊಡಬೇಕು. ಇಷ್ಟಕ್ಕೆ ಬೇಕಾದ ತಂತ್ರಾಂಶವೆಲ್ಲ ಪುಕ್ಕಟೆ ಸಿಗುತ್ತದೆ ಎಂದು ಹೇಳಿದಾಗ ನಮ್ಮ ಗುಂಪಿನ ಹಿರಿಯರೊಬ್ಬರು, 'ಪುಕ್ಕಟೆ ಸಿಕ್ಕಿದ್ದು ಬಾಳಿಕೆ ಬರುತ್ತೇನವ್ವಾ?' ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕಂಪ್ಯೂಟರನ್ನೇ ನಡೆಸುವ ಲಿನಕ್ಸ್ 1991ರಲ್ಲಿ ಶುರುವಾಯಿತು. ಕೇಳಿದವರಿಗೆ ಪುಟ ಕಳಿಸುವ ಅಪಾಚೆ ತಂತ್ರಾಂಶ, ಪುಟ ಕಟ್ಟುವ ಭಾಷೆ ಪಿಎಚ್‌ಪಿ ಎರಡೂ 1995ರಿಂದ ಇವೆ. ಮೈಎಸ್‌ಕ್ಯೂಎಲ್ ಡೇಟಾಬೇಸ್ ಒರಾಕಲ್ ಕಂಪನಿಯ ಕೈಗೆ ಹೋಗುವ ಹೊತ್ತಿನಲ್ಲಿ, 2009ರಲ್ಲಿ, ಅದನ್ನು ಕಟ್ಟಿದ ಮೈಕೆಲ್ ವಿಡೇನಿಯಸ್ ಅವರೇ ಅದೇ ಕೋಡಿನಿಂದ ಮರಿಯಾಡಿಬಿ ಎಂಬುದನ್ನು ಶುರು ಮಾಡಿದರು. ಕೋಡನ್ನು ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು ಎಂಬ ಪರವಾನಗಿ ಇದ್ದುದರಿಂದ ಯಾರೂ ಬೇಡ ಎನ್ನುವ ಹಾಗಿರಲಿಲ್ಲ. ಈ ಮಾತು ಕೇಳಿ ಹಿರಿಯರು ಒಪ್ಪಿದರು. ಬೀಗ ಹಾಕಿಸಿಕೊಂಡ ನೋವು ಅವರಿಗೂ ಇತ್ತು.

ಮೊದಲು ಈ ತಂತ್ರಾಂಶಗಳನ್ನು ಮನೆಯ ಹಳೇ ಕಂಪ್ಯೂಟರಿನಲ್ಲೇ ಹಾಕಿ ನೋಡಿದೆ. ಕರೆಂಟ್ ಹೋದಾಗಲೆಲ್ಲ ಸೈಟೂ ಹೋಗುತ್ತಿತ್ತು. ಹಾಗಾಗಿ ತಿಂಗಳಿಗೆ 500 ರೂಪಾಯಿಗೆ ಒಂದು ಜಿಬಿ ಮೆಮೊರಿಯ ಸಣ್ಣ ಸರ್ವರ್ ಬಾಡಿಗೆಗೆ ಹಿಡಿದೆ. ಡೊಮೇನನ್ನು ಗುಂಪಿನ ಹೆಸರಲ್ಲೇ ಕೊಂಡೆವು.

ಸುಲಭವಾಗಿ ಆಯಿತು ಎಂದು ಹೇಳಲ್ಲ. ಮೊದಲ ದಿನವೇ ಅಪ್ಪ ಫೋನ್ ನೋಡಿ, 'ಏನವ್ವಾ, ಹೆಸರಿರೋ ಕಡೆ ಬರೀ ಕೊಕ್ಕೆ ಬಂದಿದೆ' ಎಂದರು. ಕನ್ನಡದಲ್ಲಿ ಬರೆದ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿದ್ದವು. ಡೇಟಾಬೇಸಿನ ಟೇಬಲ್ ಲ್ಯಾಟಿನ್ ಅಕ್ಷರಕ್ಕೆ ಹೊಂದಿಸಿದ್ದೇ ಕಾರಣ. ಅದನ್ನು ಕನ್ನಡವೂ ಸೇರಿ ಎಲ್ಲ ಲಿಪಿಯನ್ನೂ ಹಿಡಿಸುವ ಯುಟಿಎಫ್-8 ಎಂಬ ವಿಧಾನಕ್ಕೆ ಬದಲಿಸಿದೆ. ಆದರೆ ಕೊಕ್ಕೆಯಾಗಿ ಹೋದ ಹೆಸರು ವಾಪಸ್ ಬರಲಿಲ್ಲ, ಮತ್ತೆ ಟೈಪ್ ಮಾಡಬೇಕಾಯಿತು. ಕನ್ನಡದಲ್ಲಿ ಸೈಟ್ ಮಾಡುವವರು ಇದನ್ನು ಮೊದಲೇ ನೋಡಿಕೊಳ್ಳಿ.

ದೊಡ್ಡ ಪೆಟ್ಟು ಬಿದ್ದದ್ದು ಸಂಕ್ರಾಂತಿ ವಾರದಲ್ಲಿ. ಎಳ್ಳುಬೆಲ್ಲಕ್ಕೆ ಆರ್ಡರ್ ಜಾಸ್ತಿ ಬಂತು. ರಾತ್ರಿ ಎಂಟಕ್ಕೆ ಸರ್ವರ್ ಮಲಗಿತು. ಸರ್ವರ್ ತಾನೇ ಬರೆದಿಡುವ ದಿನಚರಿ, ಅಂದರೆ ಲಾಗ್ ನೋಡಿದರೆ ಮೆಮೊರಿ ಮುಗಿದಿತ್ತು. ನಾನು ಹಾಕಿದ್ದ ಅಪಾಚೆಯಲ್ಲಿ ಒಂದೇ ಸಲಕ್ಕೆ 150 ಕೋರಿಕೆ ತೆಗೆದುಕೊಳ್ಳುವ ಹಾಗೆ ಸೆಟ್ಟಿಂಗ್ ಇತ್ತು. ನಮ್ಮ ಪುಟಕ್ಕೆ ಒಂದು ಕೋರಿಕೆಗೆ ಹತ್ತಿರ ಹತ್ತಿರ 40 ಎಂಬಿ ಬೇಕು. 150 ಜನ ಒಟ್ಟಿಗೆ ಬಂದರೆ ಆರು ಜಿಬಿ, ನಮ್ಮಲ್ಲಿ ಇದ್ದದ್ದು ಒಂದೇ ಜಿಬಿ! ಕೊಪ್ಪರಿಗೆ ಹಿಡಿಯುವಷ್ಟೇ ಕಬ್ಬಿನ ಹಾಲು ಬಿಡಬೇಕು ಎಂದು ಆಲೆಮನೆಯಲ್ಲಿ ಹುಟ್ಟಿದವಳಿಗೆ ಗೊತ್ತಿಲ್ಲವೇ? ಡೇಟಾಬೇಸಿಗೂ ಜಾಗ ಬಿಟ್ಟು, 150 ಅನ್ನು 15ಕ್ಕೆ ಇಳಿಸಿದೆ. ಉಳಿದವರು ಎರಡು ಕ್ಷಣ ಕಾಯುತ್ತಾರೆ, ಅಷ್ಟೇ. ಹಬ್ಬ ಮುಗಿಯುವ ತನಕ ಸರ್ವರ್ ಮತ್ತೆ ನಿಲ್ಲಲಿಲ್ಲ.

ಈಗ ದಿನಾ ರಾತ್ರಿ ಎರಡು ಗಂಟೆಗೆ ಡೇಟಾಬೇಸಿನ ಬ್ಯಾಕಪ್ ತಾನಾಗಿಯೇ ಆಗುತ್ತದೆ. ಅದರ ಒಂದು ಪ್ರತಿ ಮನೆಯ ಕಂಪ್ಯೂಟರಿಗೆ ಬರುತ್ತದೆ. ಗಿರಾಕಿ ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದದ ಹಾಗೆ ಕಾಯುವ ಸುರಕ್ಷತೆಯ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುತ್ತದೆ. ನಮ್ಮದಕ್ಕೆ 90 ದಿನದ ವಾಯಿದೆ, ಅದೂ ತಾನೇ ನವೀಕರಣ ಆಗುತ್ತದೆ. ಅಪ್‌ಡೇಟ್ ಹಾಕುವ ಕೆಲಸ ಮಾತ್ರ ನಾನು ವಾರಕ್ಕೊಮ್ಮೆ ಕೂತು ಮಾಡುತ್ತೇನೆ. ಪುಕ್ಕಟೆ ತಂತ್ರಾಂಶಕ್ಕೆ ದುಡ್ಡು ಬೇಡ, ಗಮನ ಬೇಕು. ಸುಮ್ನೆ ಬಿಟ್ಟರೆ ಕಳ್ಳರು ನುಗ್ಗುತ್ತಾರೆ.

ಇಷ್ಟೆಲ್ಲ ಕಲಿಯಲು ನನಗೆ ಆರು ತಿಂಗಳು ಹಿಡಿಯಿತು. ಡಿಪ್ಲೊಮಾದಲ್ಲಿ ಪಿಎಚ್‌ಪಿ ಓದಿದ್ದೆ, ಪರೀಕ್ಷೆಗೆ ಬರೆದೂ ಇದ್ದೆ. ಆದರೆ ನಿಜವಾದ ಸರ್ವರ್ ಒಂದನ್ನು ಒಂದು ದಿನವೂ ಮುಟ್ಟಿರಲಿಲ್ಲ. ಮಂಡ್ಯ, ಮೈಸೂರಿನ ಪಾಲಿಟೆಕ್ನಿಕ್‌ಗಳಲ್ಲಿ ಕೊನೆ ವರ್ಷದ ಮಕ್ಕಳಿಗೆ ತಲಾ ಒಂದು ಊರಿನ ಸೊಸೈಟಿಯನ್ನೋ ಗ್ರಂಥಾಲಯವನ್ನೋ ಕೊಟ್ಟು, ಅದರ ಸೈಟನ್ನು ಒಂದು ವರ್ಷ ನಡೆಸಿ ತೋರಿಸಿ ಎಂದರೆ ಎಷ್ಟು ಚೆನ್ನ, ಅಲ್ವಾ? ಸರ್ಕಾರಿ ಇಲಾಖೆಗಳಲ್ಲಿ ಇಂಥ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕು ಎಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ತಂದಿದೆ. ನಡೆಸುವ ಕೈಗಳು ನಮ್ಮ ಜಿಲ್ಲೆಯಲ್ಲೇ ತಯಾರಾಗಬೇಕು.

ಕಂಪನಿಯಿಂದಲೇ ಮಾಡಿಸುವವರು ದಯವಿಟ್ಟು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಎರಡು ಮಾತು ಬರೆಸಿಕೊಳ್ಳಿ. ಡೊಮೇನ್ ನಿಮ್ಮ ಹೆಸರಲ್ಲೇ ಇರಬೇಕು. ಡೇಟಾಬೇಸಿನ ಪೂರ್ತಿ ನಕಲು ಪ್ರತಿ ತಿಂಗಳೂ ನಿಮ್ಮ ಕೈಗೆ ಬರಬೇಕು. ನಾವು ಅಂದು ಇಷ್ಟನ್ನು ಬರೆಸಿಕೊಂಡಿದ್ದರೆ ಆ ಗಿರಾಕಿಗಳು ಇಂದೂ ನಮ್ಮ ಜೊತೆ ಇರುತ್ತಿದ್ದರು.

ಭಾನುವಾರ ಮಧ್ಯಾಹ್ನ ನಮ್ಮ ಆಲೆಮನೆಯ ಪಕ್ಕದ ಕೋಣೆಯಲ್ಲಿ ಊರಿನ ನಾಲ್ಕು ಹುಡುಗಿಯರಿಗೆ ಇದನ್ನೇ ಹೇಳಿಕೊಡುತ್ತಿದ್ದೇನೆ. ಇನ್ನೂ ನಾಲ್ವರಿಗೆ ಜಾಗ ಇದೆ.

– ಆಲೆಮನೆಯ ಮಗಳು, ಮಂಡ್ಯ ತಾಲ್ಲೂಕು