ಕಾನೂನು ಓದು: ಫಲಿತಾಂಶ ಬಂದ ಮೇಲೆ ಯೋಚಿಸಿದರೆ ತಡ

ಮಾನ್ಯರೇ,

ಪಿಯು ಫಲಿತಾಂಶ ಬಂದೊಡನೆ ಮಂಗಳೂರು, ಉಡುಪಿಯ ಕಾಲೇಜು ಕಚೇರಿಗಳಲ್ಲಿ ಪೋಷಕರು ಕೇಳುವ ಪ್ರಶ್ನೆ: ‘ಮುಂದೆ ಲಾ ಮಾಡಬೇಕಾದರೆ ಈಗ ಯಾವ ಡಿಗ್ರಿಗೆ ಸೇರಿಸಬೇಕು?’ ಇಂಥದ್ದೇ ಡಿಗ್ರಿ ಆಗಬೇಕೆಂಬ ನಿಯಮವಿಲ್ಲ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಯಾವುದಾದರೂ ಸರಿ, ಶೇ 45 ಅಂಕ ಇದ್ದರೆ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಬಹುದು. ಹಿಂದುಳಿದ ವರ್ಗದವರಿಗೆ ಶೇ 42, ಪರಿಶಿಷ್ಟರಿಗೆ ಶೇ 40. ಪಿಯು ಆದ ಕೂಡಲೇ ಸೇರುವ, ಡಿಗ್ರಿ ಮತ್ತು ಎಲ್‌ಎಲ್‌ಬಿ ಎರಡೂ ಒಟ್ಟಿಗೆ ಇರುವ ಐದು ವರ್ಷದ ಕೋರ್ಸಿಗೆ ಪಿಯು ಅಂಕದಲ್ಲಿ ಇದೇ ಲೆಕ್ಕ. ವಿಜ್ಞಾನ ಓದಿದವರಿಗೂ ಅಡ್ಡಿಯಿಲ್ಲ. ಪಿಯು ಇಲ್ಲದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಡಿಗ್ರಿ ಪಡೆದವರಿಗೆ ಮಾತ್ರ ಪ್ರವೇಶವಿಲ್ಲ.

ಹಲವರು ಎಡವುವುದು ಬೇರೆ ಕಡೆ. ಐದು ವರ್ಷದ ಕೋರ್ಸಿಗೆ ಸೇರಿ, ಬೇಡ ಅನಿಸಿದರೆ ಮೂರನೇ ವರ್ಷಕ್ಕೆ ಬಿ.ಎ. ಪದವಿ ಹಿಡಿದು ಹೊರಬರಬಹುದೆಂದು ನಂಬಿದವರಿದ್ದಾರೆ. ಕಾನೂನು ಶಿಕ್ಷಣಕ್ಕೆ ನಿಯಮ ರೂಪಿಸುವ ಬಾರ್ ಕೌನ್ಸಿಲಿನ 2008ರ ನಿಯಮದಲ್ಲಿ ಅದಕ್ಕೆ ಆಸ್ಪದವಿಲ್ಲ. ನಡುವೆ ಹತ್ತುವಂತೆಯೂ ಇಲ್ಲ, ಇಳಿಯುವಂತೆಯೂ ಇಲ್ಲ. ಅರ್ಧಕ್ಕೆ ಬಿಟ್ಟವರ ಕೈಯಲ್ಲಿ ಪದವಿ ಎಂಬುದೇ ಇರುವುದಿಲ್ಲ. ವಕೀಲಿ ಖಚಿತ ಎಂಬವರಿಗೆ ಐದು ವರ್ಷದ ಕೋರ್ಸಿನಲ್ಲಿ ಒಂದು ವರ್ಷ ಉಳಿಯುತ್ತದೆ. ನೀಟ್ ಕೈಕೊಟ್ಟಿತೆಂದು ಇತ್ತ ತಿರುಗಿದವರು ಮೊದಲು ಡಿಗ್ರಿ ಮುಗಿಸಲಿ.

ಕೊಡಿಯಾಲ್‌ಬೈಲಿನ ಎಸ್‌ಡಿಎಂ, ಕುಂಜಿಬೆಟ್ಟಿನ ವೈಕುಂಠ ಬಾಳಿಗಾ ಕಾಲೇಜುಗಳಿರುವಾಗ ಊರು ಬಿಡಲೇಬೇಕೆಂದಿಲ್ಲ. ಇಂಗ್ಲಿಷ್ ಭಯವೂ ಅತಿಯಾಯಿತು. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಪ್ರಶ್ನೆಪತ್ರಿಕೆಯ ತಲೆಯಲ್ಲಿರುವ ಸೂಚನೆ ಓದಬೇಕು: ಉತ್ತರ ಪೂರ್ತಿ ಇಂಗ್ಲಿಷಿನಲ್ಲಿರಬೇಕು ಇಲ್ಲವೇ ಪೂರ್ತಿ ಕನ್ನಡದಲ್ಲಿರಬೇಕು. ಎರಡು ಉತ್ತರ ಇಂಗ್ಲಿಷಿನಲ್ಲಿ ಬರೆದು, ಪದ ಸಿಗದೆ ಉಳಿದದ್ದನ್ನು ಕನ್ನಡದಲ್ಲಿ ಮುಗಿಸುವಂತಿಲ್ಲ. ಭಾಷೆಯನ್ನು ಮೊದಲ ಸೆಮಿಸ್ಟರಿನಲ್ಲೇ ನಿರ್ಧರಿಸಿ ನೋಟ್ಸ್ ಮಾಡಿಕೊಳ್ಳುವುದು ಒಳ್ಳೆಯದು.

ಕೋರ್ಟಿಗಿಂತ ಸರ್ಕಾರದ ನೀತಿ, ಆಡಳಿತದ ಕಡೆ ಒಲವಿದ್ದರೆ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಇರುವ ಬಿ.ಎ. ಸಾಕಷ್ಟು ಗಟ್ಟಿ ತಳಪಾಯ. ಮುಂದೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲೇ ಸಾರ್ವಜನಿಕ ನೀತಿಯ ಎರಡು ವರ್ಷದ ಸ್ನಾತಕೋತ್ತರ ಪದವಿ ಇದೆ. ಆಡಳಿತ ಹೇಗೆ ನಡೆಯುತ್ತದೆಂದು ತಿಳಿಯಲು ಡಿಗ್ರಿಯಲ್ಲಿರುವಾಗಲೇ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ ನೋಡಲಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. ‘ರಸ್ತೆ ಯಾಕೆ ಹಾಳಾಗಿದೆ’ ಎಂದು ಕೇಳಿದರೆ ಏನೂ ಸಿಗದು. ಕಾಮಗಾರಿಯ ಅಂದಾಜುಪಟ್ಟಿಯ, ಬಿಲ್ಲಿನ ಪ್ರತಿ ಕೇಳಬೇಕು. ಕಡತದಲ್ಲಿ ಇರುವುದನ್ನಷ್ಟೇ ಅಧಿಕಾರಿ ಕೊಡಬೇಕಾದದ್ದು.

ಪಿಯು ಆದ ಮೇಲೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಂಥ ರಾಷ್ಟ್ರೀಯ ಕಾನೂನು ಶಾಲೆಗಳ ಆಸೆ ಇದ್ದವರಿಗೆ ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬೇಕು: 120 ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಕಾಲು ಅಂಕ ಕಡಿತ. ಇದು ಮಾತ್ರ ಇಂಗ್ಲಿಷಿನಲ್ಲೇ. ಕರ್ನಾಟಕದಲ್ಲಿ 10 ವರ್ಷ ಓದಿದವರಿಗೆ ಬೆಂಗಳೂರಿನ ಶಾಲೆಯಲ್ಲಿ ಶೇ 25 ಮೀಸಲಿದೆ ಎಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು? 2022ರಿಂದ ಈ ಪರೀಕ್ಷೆ ಡಿಸೆಂಬರಿನಲ್ಲಿ ನಡೆಯುತ್ತಿದೆ. ಅರ್ಜಿ ಮಳೆಗಾಲದಲ್ಲಿ ಶುರುವಾಗಿ ದೀಪಾವಳಿ ಆಸುಪಾಸಿಗೆ ಮುಗಿದಿರುತ್ತದೆ. ಏಪ್ರಿಲಿನಲ್ಲಿ ಫಲಿತಾಂಶ ಹಿಡಿದು ಬಂದವರಿಗೆ ಆ ವರ್ಷದ ಬಸ್ಸು ಹೋಗಿಯಾಗಿದೆ. ಸಿಇಟಿ, ನೀಟ್ ದಿನಾಂಕ ಬರೆಯುವ ನೋಟಿಸ್ ಬೋರ್ಡಿನಲ್ಲಿ ಪಿಯು ಕಾಲೇಜುಗಳು ಜುಲೈಯಲ್ಲೇ ಕ್ಲ್ಯಾಟಿಗೂ ಒಂದು ಸಾಲು ಕೊಡಲಿ.

– ಕಾನೂನು ಉಪನ್ಯಾಸಕ, ಉಡುಪಿ