ತೋಟದ ಎಟಿವಿ ಬಗ್ಗೆ ಬರೆಯುವಾಗ ಕ್ಲಚ್ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಕೃಷಿ ಪುಟದಲ್ಲಿ ಕಾಫಿ ತೋಟಗಳಿಗೆ ಬರುತ್ತಿರುವ ಎಟಿವಿ, ಅಂದರೆ ದಪ್ಪ ಟಯರಿನ ನಾಲ್ಕು ಚಕ್ರದ ಬೈಕಿನ ಬಗ್ಗೆ ಬರೆದಿದ್ದಿರಿ. ಓದಿ ಖುಷಿಯಾಯಿತು. ಜೀಪು ಹೋಗದ ಕಡೆ ಇದು ಹೋಗುತ್ತದೆ, ಆಳು ಸಿಗದ ಈ ಕಾಲದಲ್ಲಿ ನಮ್ಮಂಥವರಿಗೆ ಬೇಕೇ ಬೇಕು. ಆದರೆ ಇಡೀ ಲೇಖನದಲ್ಲಿ ಸಿಸಿ ಎಷ್ಟು, ಎಚ್‌ಪಿ ಎಷ್ಟು, ಎಷ್ಟು ಭಾರ ಎಳೆಯುತ್ತದೆ, ಬೆಲೆ ಎಷ್ಟು, ಇಷ್ಟೇ ಇತ್ತು. ಎಂಜಿನ್ ಹೇಗೆ ಕೂತಿದೆ, ಕ್ಲಚ್ ಎಲ್ಲಿದೆ, ಇಳಿಜಾರಿನಲ್ಲಿ ಎಂಜಿನ್ ಚಕ್ರವನ್ನು ಹಿಡಿದುಕೊಳ್ಳುತ್ತದೋ ಬಿಟ್ಟುಬಿಡುತ್ತದೋ, ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಇದು ಗೊತ್ತಿಲ್ಲದೇ ನಮ್ಮ ತೋಟದಲ್ಲಿ ಒಬ್ಬರ ಕಾಲು ಮುರಿದಿದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ಎರಡು ವರ್ಷದ ಹಿಂದೆ ನಾನು ಸೆಕೆಂಡ್‌ಹ್ಯಾಂಡ್ ಎಟಿವಿ ಒಂದನ್ನು ತಂದೆ. ಮಾರಿದವರು ಅದರ ಶಕ್ತಿ ಹೇಳಿದರು, ನಾಲ್ಕೂ ಚಕ್ರ ಎಳೆಯುತ್ತದೆ ಅಂದರು, ಗೇರ್ ಇಲ್ಲ, ಕ್ಲಚ್ ಇಲ್ಲ, ಸ್ಕೂಟರ್ ಥರ ಹೆಬ್ಬೆರಳಲ್ಲಿ ಒತ್ತಿದರೆ ಆಯಿತು ಅಂದರು. ನಾನೂ ಅಷ್ಟಕ್ಕೇ ಒಪ್ಪಿದೆ. ಮಳೆಗಾಲಕ್ಕೆ ಮೊದಲು ಗಿಡಕ್ಕೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಬೇಕಲ್ಲ, ಹಿಂದೆ ಒಂದು ಸಣ್ಣ ಟ್ರೈಲರ್ ಕಟ್ಟಿ 200 ಲೀಟರಿನ ಡ್ರಮ್ ಇಟ್ಟು ಮೇಲಿನ ಬ್ಲಾಕಿಗೆ ಹತ್ತಿಸುತ್ತಿದ್ದೆವು. ನೀರೇ 200 ಕೆಜಿ, ಅದರ ಮೇಲೆ ಪಂಪು, ಪೈಪು, ಓಡಿಸುವವರು. ನಾಲ್ಕನೇ ದಿನವೇ ರಬ್ಬರ್ ಸುಟ್ಟ ವಾಸನೆ ಬಂತು, ಗಾಡಿ ರೇಸ್ ಆಗುತ್ತದೆ, ಮುಂದೆ ಹೋಗುವುದಿಲ್ಲ. ಬಿಚ್ಚಿ ನೋಡಿದರೆ ಬೆಲ್ಟ್ ಕರಕಲು. ಹೊಸದು ಹಾಕಿಸಿದೆವು, ಮೂರು ವಾರಕ್ಕೆ ಅದೂ ಹೋಯಿತು. ಬೆಲ್ಟಿನ ಕ್ವಾಲಿಟಿ ಸರಿಯಿಲ್ಲ ಅಂದುಕೊಂಡು ಮೂರನೆಯದಕ್ಕೆ ದುಡ್ಡು ಕೊಟ್ಟೆ. ಯಾಕೆ ಸುಡುತ್ತಿದೆ ಅಂತ ಯಾರನ್ನೂ ಕೇಳಲಿಲ್ಲ.

ಆಮೇಲೆ ಆಗಿದ್ದು ದೊಡ್ಡದು. ನಮ್ಮ ಮೇಸ್ತ್ರಿ ಮೇಲಿನ ಬ್ಲಾಕಿನಿಂದ ಅರ್ಧ ತುಂಬಿದ ಡ್ರಮ್ ಹಾಕಿಕೊಂಡು ಇಳಿಯುತ್ತಿದ್ದರು. ಇಳಿಜಾರು ಅಂತ ಎಕ್ಸಲೇಟರ್ ಪೂರ್ತಿ ಬಿಟ್ಟರು. ಅದು ತಪ್ಪಲ್ಲ, ಜೀಪಿನಲ್ಲೂ ಹಾಗೇ ಮಾಡುತ್ತೇವೆ, ಗೇರ್‌ನಲ್ಲಿ ಹಾಕಿ ಕಾಲು ತೆಗೆದರೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಇಲ್ಲಿ ಎಂಜಿನ್ ಕೈಬಿಟ್ಟಿತು. ಗಾಡಿ ನ್ಯೂಟ್ರಲ್‌ನಲ್ಲಿ ಹೋದ ಹಾಗೆ ಓಡಿತು, ಬ್ರೇಕ್ ಒತ್ತಿದರೆ ಒದ್ದೆ ಮಣ್ಣಿನಲ್ಲಿ ಚಕ್ರ ಜಾರಿತು, ಹಿಂದಿನಿಂದ ಟ್ರೈಲರ್ ತಳ್ಳಿತು. ಒಂದು ಸಿಲ್ವರ್ ಮರಕ್ಕೆ ಅಡ್ಡ ಹೊಡೆದು ಮಗುಚಿತು. ಮೇಸ್ತ್ರಿಯ ಮೊಣಕಾಲಿನ ಕೆಳಗೆ ಮೂಳೆ ಮುರಿದು ನಾಲ್ಕು ತಿಂಗಳು ಕೆಲಸಕ್ಕೆ ಬರಲು ಆಗಲಿಲ್ಲ. ಆಸ್ಪತ್ರೆಯಲ್ಲಿ ಅವರು ನನಗೆ ಹೇಳಿದ್ದು ಇಷ್ಟೇ: "ಅಣ್ಣಾ, ನಾನು ನ್ಯೂಟ್ರಲ್ ಮಾಡಿರಲಿಲ್ಲ." ಅವರು ನಿಜವನ್ನೇ ಹೇಳಿದ್ದರು. ನನಗೆ ಅದು ಅರ್ಥ ಆಗಿದ್ದು ಒಂದು ತಿಂಗಳ ಮೇಲೆ.

ಅರ್ಥ ಮಾಡಿಸಿದ್ದು ನನ್ನ ಅಕ್ಕನ ಮಗ. ಮೆಕ್ಯಾನಿಕಲ್ ಓದುತ್ತಿದ್ದಾನೆ, ಬಾಹಾ ಅಂತ ವಿದ್ಯಾರ್ಥಿಗಳೇ ಕಾಡುದಾರಿಯ ಗಾಡಿ ಕಟ್ಟಿ ಓಡಿಸುವ ಸ್ಪರ್ಧೆ ಇದೆಯಲ್ಲ, ಅದರ ಕಾಲೇಜು ತಂಡದಲ್ಲಿ ಇದ್ದಾನೆ. ನಮ್ಮ ದೇಶದಲ್ಲಿ ಆ ಸ್ಪರ್ಧೆ 2007ರಿಂದ ಮಧ್ಯಪ್ರದೇಶದ ಪೀಥಂಪುರದಲ್ಲಿ ಶುರುವಾಯಿತು. ಅದರಲ್ಲಿ ನನಗೆ ಹಿಡಿಸಿದ ವಿಷಯ ಏನೆಂದರೆ, ವರ್ಷಗಳ ಕಾಲ ಎಲ್ಲ ಪೆಟ್ರೋಲ್ ತಂಡಕ್ಕೂ ಒಂದೇ 10 ಎಚ್‌ಪಿ ಎಂಜಿನ್ ಕೊಟ್ಟಿದ್ದಾರೆ, ಅದನ್ನು ಬಿಚ್ಚಿ ಶಕ್ತಿ ಜಾಸ್ತಿ ಮಾಡುವ ಹಾಗಿಲ್ಲ. ಗೆಲ್ಲುವುದು ಸೋಲುವುದು ಎಲ್ಲ ಆ ಎಂಜಿನ್ನನ್ನು ಎಲ್ಲಿ ಕೂರಿಸಿದಿರಿ, ಕ್ಲಚ್ ಮತ್ತು ಪುಲ್ಲಿಯನ್ನು ಹೇಗೆ ಹೊಂದಿಸಿದಿರಿ, ತೂಕ ಎಷ್ಟು ಕೆಳಗೆ ಇಟ್ಟಿರಿ ಅನ್ನುವುದರಲ್ಲಿ. ಇಪ್ಪತ್ತು ವರ್ಷದ ಹುಡುಗ ಹುಡುಗಿಯರಿಗೆ ಗೊತ್ತಿರುವ ಈ ಸಂಗತಿ ಲಕ್ಷಗಟ್ಟಲೆ ಕೊಟ್ಟು ಗಾಡಿ ಕೊಳ್ಳುವ ರೈತನಿಗೆ ಯಾಕೆ ಯಾರೂ ಹೇಳುವುದಿಲ್ಲ?

ಅವನು ನಮ್ಮ ಶೆಡ್ಡಿನಲ್ಲಿ ಗಾಡಿಯ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ ತೋರಿಸಿದ. ಒಳಗೆ ಎರಡು ಪುಲ್ಲಿ, ನಡುವೆ ಅಗಲದ ಬೆಲ್ಟ್. "ಮಾವ, ಇದರಲ್ಲಿ ಬೇರೆ ಕ್ಲಚ್ಚೇ ಇಲ್ಲ, ಬೆಲ್ಟೇ ಕ್ಲಚ್" ಅಂದ. ಎಂಜಿನ್ನಿನ ಕ್ರ್ಯಾಂಕಿಗೆ, ಅಂದರೆ ಎಂಜಿನ್ ತಿರುಗಿಸುವ ಮುಖ್ಯ ಶಾಫ್ಟಿಗೆ, ಕೂತಿರುವ ಪುಲ್ಲಿ ಎರಡು ತಟ್ಟೆ ಎದುರುಬದುರು ಇಟ್ಟ ಹಾಗೆ ಇದೆ. ಐಡ್ಲಿಂಗ್‌ನಲ್ಲಿ, ಅಂದರೆ ಎಕ್ಸಲೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುತ್ತಿರುವಾಗ, ತಟ್ಟೆಗಳು ದೂರ ನಿಂತಿರುತ್ತವೆ, ಬೆಲ್ಟ್ ಸಡಿಲ. ರೇಸ್ ಮಾಡಿದಾಗ ಒಳಗಿನ ತೂಕದ ತುಂಡುಗಳು ಹೊರಕ್ಕೆ ಚಿಮ್ಮಿ ತಟ್ಟೆಗಳನ್ನು ಒಂದಕ್ಕೊಂದು ಒತ್ತುತ್ತವೆ, ಆಗ ಬೆಲ್ಟ್ ಕಚ್ಚಿಕೊಳ್ಳುತ್ತದೆ. ಭಾರ ಹಾಕಿ ನಿಧಾನವಾಗಿ ಏರು ಹತ್ತಿಸಿದರೆ ಅದು ಪೂರ್ತಿ ಕಚ್ಚಿಕೊಳ್ಳದೆ ಜಾರುತ್ತಲೇ ಇರುತ್ತದೆ. ಲಾರಿಯನ್ನು ಹಾಫ್ ಕ್ಲಚ್‌ನಲ್ಲಿ ಘಾಟಿ ಹತ್ತಿಸಿದರೆ ಪ್ಲೇಟ್ ಏನಾಗುತ್ತದೆ? ಅದೇ ಇದಕ್ಕೂ. ಅದಕ್ಕಾಗಿಯೇ ಇಂಥ ಗಾಡಿಗಳಲ್ಲಿ 'ಎಲ್' ಅಂತ ಒಂದು ಲೋ ಗೇರ್ ಕೊಟ್ಟಿರುತ್ತಾರೆ, ಭಾರ ಎಳೆಯುವಾಗ, ಏರಿನಲ್ಲಿ, ನಡಿಗೆಯಷ್ಟು ನಿಧಾನಕ್ಕೆ ಹೋಗುವಾಗ ಅದರಲ್ಲೇ ಹಾಕಬೇಕು. ನಾವು ಒಂದು ದಿನವೂ ಹಾಕಿರಲಿಲ್ಲ. 'ಎಚ್'ನಲ್ಲಿ, ಅಂದರೆ ಹೈ ಗೇರ್‌ನಲ್ಲಿ, ಹೋಗುತ್ತದಲ್ಲ ಅಂತ ಸುಮ್ನೆ ಅದರಲ್ಲೇ ಓಡಿಸಿದ್ದೆವು. ಸಾಲದ್ದಕ್ಕೆ ನಾನು ಕೆಸರಿಗೆ ಒಳ್ಳೆಯದು ಅಂತ 25 ಇಂಚಿನ ಟಯರ್ ತೆಗೆಸಿ 28 ಇಂಚಿನದು ಹಾಕಿಸಿದ್ದೆ. ಚಕ್ರ ಶೇಕಡ 12ರಷ್ಟು ದೊಡ್ಡದಾಯಿತು ಅಂದರೆ ಗೇರ್ ಅಷ್ಟೇ ಮೇಲಿನದ್ದಾದ ಹಾಗೆ. ಪುಲ್ಲಿಯ ತೂಕ, ಸ್ಪ್ರಿಂಗ್ ಮಾತ್ರ ಹಳೆಯ ಲೆಕ್ಕದ್ದೇ. ಆ ಹೆಚ್ಚಿನ ಭಾರವೂ ಬೆಲ್ಟಿನ ಮೇಲೇ ಬಿತ್ತು.

ಇಳಿಜಾರಿನ ಕಥೆಯೂ ಇಲ್ಲೇ ಇದೆ. ಎಕ್ಸಲೇಟರ್ ಬಿಟ್ಟು ಎಂಜಿನ್ ಐಡ್ಲಿಂಗಿಗೆ ಬಂದ ಕೂಡಲೇ ತಟ್ಟೆ ದೂರವಾಗುತ್ತದೆ, ಬೆಲ್ಟ್ ಸಡಿಲ, ಎಂಜಿನ್‌ಗೂ ಚಕ್ರಕ್ಕೂ ಸಂಬಂಧ ಕಡಿದುಹೋಗುತ್ತದೆ. ಆಮೇಲೆ ಚಕ್ರ ಎಷ್ಟೇ ಜೋರಾಗಿ ತಿರುಗಲಿ, ಎಂಜಿನ್ ರೇಸ್ ಆಗದೆ ಪುಲ್ಲಿ ಕಚ್ಚಿಕೊಳ್ಳುವುದಿಲ್ಲ. ಮೇಸ್ತ್ರಿ ಹೇಳಿದ್ದು ಇದನ್ನೇ. ಇದಕ್ಕೆ ಪರಿಹಾರ ಇಲ್ಲದೆ ಇಲ್ಲ. ಕೆಲವು ಗಾಡಿಗಳಲ್ಲಿ ಈ ಪುಲ್ಲಿಯ ಒಳಗೇ ಒಂದೇ ಕಡೆ ತಿರುಗುವ ಬೇರಿಂಗ್ ಹಾಕಿರುತ್ತಾರೆ. ಸೈಕಲ್ಲಿನ ಫ್ರೀವೀಲ್ ಗೊತ್ತಲ್ಲ, ಅದರಲ್ಲಿ ಚಕ್ರ ಪೆಡಲನ್ನು ಬಿಟ್ಟು ಮುಂದೆ ಓಡಬಹುದು. ಇದು ಅದರ ತಿರುವುಮುರುವು, ಚಕ್ರ ಎಂಜಿನ್ನನ್ನು ಬಿಟ್ಟು ಮುಂದೆ ಓಡುವ ಹಾಗಿಲ್ಲ. ಓಡಲು ಹೋದರೆ ಬೇರಿಂಗ್ ಲಾಕ್ ಆಗಿ ಎಂಜಿನ್ನನ್ನೂ ಎಳೆದು ತಿರುಗಿಸಬೇಕಾಗುತ್ತದೆ, ಆ ಎಳೆತವೇ ಬ್ರೇಕ್. ನಮ್ಮದರಲ್ಲಿ ಇದು ಇರಲಿಲ್ಲ. ಒಂದು ಸಣ್ಣ ಬೇರಿಂಗ್!

ಯಾಮಹಾದ ಕೆಲಸದ ಎಟಿವಿಗಳಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ಅಲ್ಲಿಯೂ ಬೆಲ್ಟ್ ಇದೆ, ಆದರೆ ಅದು ಯಾವಾಗಲೂ ಬಿಗಿ. ಗಾಡಿ ಹೊರಡುವಾಗಿನ ಜಾರಾಟವನ್ನೆಲ್ಲ ಬೆಲ್ಟಿಗಿಂತ ಮುಂಚೆ, ಕ್ರ್ಯಾಂಕಿನ ಮೇಲೆ ಆಯಿಲಿನಲ್ಲಿ ಮುಳುಗಿರುವ ಸೆಂಟ್ರಿಫ್ಯೂಗಲ್ ಕ್ಲಚ್ ತೆಗೆದುಕೊಳ್ಳುತ್ತದೆ. ಸೆಂಟ್ರಿಫ್ಯೂಗಲ್ ಅಂದರೆ ಹೆದರಬೇಡಿ, ನಮ್ಮ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಇರುವುದೂ ಅದೇ ಜಾತಿ: ವೇಗ ಹೆಚ್ಚಿದಾಗ ಶೂಗಳು, ಅಂದರೆ ಬ್ರೇಕ್ ಶೂನಂಥ ತುಂಡುಗಳು, ಹೊರಕ್ಕೆ ಹರಡಿ ಸುತ್ತಲಿನ ಬಟ್ಟಲಿನಂಥ ಡ್ರಮ್ಮನ್ನು ಹಿಡಿಯುತ್ತವೆ. ಜೊತೆಗೆ ಆ ಒಮ್ಮುಖ ಬೇರಿಂಗೂ ಇದೆ. ನಾವು ದಿನಾ ಓಡಿಸುವ ಸ್ಕೂಟರಿನಲ್ಲಿ ಇದೇ ಶೂ ಕ್ಲಚ್ ಹಿಂದಿನ ಪುಲ್ಲಿಯ ಹತ್ತಿರ, ಚಕ್ರದ ಕಡೆ ಇರುತ್ತದೆ. ಮಾರುವವರು ಮೂರನ್ನೂ "ಆಟೋಮ್ಯಾಟಿಕ್, ಸ್ಕೂಟರ್ ಥರಾನೇ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಒಂದೇ ಥರ ಅಲ್ಲ, ಅಲ್ವಾ? ಒಂದರಲ್ಲಿ ಬೆಲ್ಟ್ ಸುಡುತ್ತದೆ, ಇನ್ನೊಂದರಲ್ಲಿ ಆಯಿಲ್ ಆ ಬಿಸಿಯನ್ನು ನುಂಗುತ್ತದೆ.

ಬೆಲ್ಟೇ ಬೇಡ ಅನ್ನುವವರಿಗೆ ಹೋಂಡಾದ ಕೆಲಸದ ಎಟಿವಿಗಳ ದಾರಿ ಇದೆ, ಅದು ತುಂಬ ಹಳೆಯದು. 1970ರಲ್ಲಿ ಅವರು ಅಮೆರಿಕದಲ್ಲಿ ಮೊದಲ ಎಟಿವಿ ತಂದಾಗ ಅದಕ್ಕೆ ಮೂರೇ ಚಕ್ರ, 89 ಸಿಸಿ, ಬಲೂನಿನಂಥ ಟಯರ್. ಆವಾಗಲೇ ಅದರಲ್ಲಿ ತಾನಾಗಿ ಹಿಡಿಯುವ ಸೆಂಟ್ರಿಫ್ಯೂಗಲ್ ಕ್ಲಚ್ ಇತ್ತು, ಗೇರ್ ಮಾತ್ರ ಕಾಲಲ್ಲಿ ಹಾಕಬೇಕು. ಮೂರು ಚಕ್ರದ್ದು ಮಗುಚಿ ಮಗುಚಿ ಜನ ಗಾಯಗೊಂಡು, ಸತ್ತು, 1988ರ ಹೊತ್ತಿಗೆ ಅಮೆರಿಕದಲ್ಲಿ ಅದರ ಮಾರಾಟ ನಿಂತೇಹೋಯಿತು. ಅದಕ್ಕೆ ಮುಂಚೆಯೇ ನಾಲ್ಕು ಚಕ್ರದವು ಬಂದಿದ್ದವು, 1986ರ ಹೊತ್ತಿಗೆ ನಾಲ್ಕೂ ಚಕ್ರ ಎಳೆಯುವ ಎಟಿವಿಯೂ ಬಂತು. ಕ್ಲಚ್ಚಿನ ಏರ್ಪಾಡು ಮಾತ್ರ ಇವತ್ತಿಗೂ ಕಾಲಲ್ಲಿ ಗೇರ್ ಹಾಕುವ ಅವರ ಗಾಡಿಗಳಲ್ಲಿ ಉಳಿದಿದೆ. ಎರಡು ಕ್ಲಚ್: ಕ್ರ್ಯಾಂಕಿನ ತುದಿಯಲ್ಲಿ ಶೂ ಕ್ಲಚ್, ಅದು ಗಾಡಿ ಹೊರಡಲು. ಗೇರ್‌ಬಾಕ್ಸಿನ ಶಾಫ್ಟಿನ ಮೇಲೆ ಪ್ಲೇಟ್ ಕ್ಲಚ್, ಅದು ಗೇರ್ ಬದಲಿಸಲು, ಗೇರ್ ಲಿವರ್ ಒತ್ತಿದಾಗ ತಾನೇ ಬಿಡುತ್ತದೆ. ಹಿಂದೆ ಹೀರೊ ಹೋಂಡಾ ಸ್ಟ್ರೀಟ್ ಅಂತ ಕೈಯಲ್ಲಿ ಕ್ಲಚ್ ಇಲ್ಲದ ಬೈಕು ಇತ್ತಲ್ಲ, ಅದನ್ನು ಓಡಿಸಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಭಾರ ಎಳೆದು ಎಳೆದು ಕೆಲಸ ಮಾಡುವ ತೋಟಕ್ಕೆ ನನ್ನ ಮಟ್ಟಿಗೆ ಇದೇ ಸರಿ. ಗೇರ್ ಹಾಕುವುದು ಒಂದು ಕೆಲಸ ನಿಜ, ಆದರೆ ಸುಡಲು ಬೆಲ್ಟೇ ಇಲ್ಲ.

ಎಂಜಿನ್ ಕೂರಿಸುವುದರಲ್ಲೂ ಇಷ್ಟೇ ವ್ಯತ್ಯಾಸ ಇದೆ. ಬೈಕಿನಲ್ಲಿ ಕ್ರ್ಯಾಂಕ್ ಅಡ್ಡಕ್ಕೆ ಇರುತ್ತದೆ, ಚೈನಿನಲ್ಲಿ ಹಿಂದಿನ ಚಕ್ರಕ್ಕೆ ಕೊಟ್ಟರೆ ಮುಗಿಯಿತು. ರೇಸಿನ ಎಟಿವಿಗಳು ಹೀಗೇ, ಎಡಗೈಯಲ್ಲಿ ಕ್ಲಚ್ ಲಿವರ್, ಹಿಂದೆ ಚೈನು. ಆದರೆ ನಾಲ್ಕು ಚಕ್ರವೂ ಎಳೆಯಬೇಕು ಅಂದರೆ ಶಾಫ್ಟ್ ಮುಂದಕ್ಕೂ ಹಿಂದಕ್ಕೂ ಉದ್ದಕ್ಕೆ ಹೋಗಬೇಕು. ಅಡ್ಡ ಕ್ರ್ಯಾಂಕಿನಿಂದ ಉದ್ದದ ಶಾಫ್ಟಿಗೆ ಒಂದು ಸಲ ಗೇರ್ ಹಾಕಿ ತಿರುಗಿಸಬೇಕು, ಚಕ್ರದ ಆಕ್ಸಲ್ ಹತ್ತಿರ ಮತ್ತೊಂದು ಸಲ ಅಡ್ಡಕ್ಕೆ ತಿರುಗಿಸಬೇಕು. ಪ್ರತಿ ತಿರುವಿನಲ್ಲೂ ಸ್ವಲ್ಪ ಶಕ್ತಿ ಸೋರುತ್ತದೆ, ಸವೆಯುವ ಭಾಗ ಒಂದು ಜಾಸ್ತಿಯಾಗುತ್ತದೆ. ಹೋಂಡಾದ ಕೆಲಸದ ಗಾಡಿಗಳಲ್ಲಿ ಕ್ರ್ಯಾಂಕನ್ನೇ ಉದ್ದಕ್ಕೆ ಮಲಗಿಸಿದ್ದಾರೆ, ನಮ್ಮ ಕಡೆಯ ಹಳೇ ಜೀಪಿನ ಹಾಗೆ, ಹಾಗಾಗಿ ಮೊದಲ ತಿರುವೇ ಬೇಡ. ಜೀಪಿನ ಎಂಜಿನ್ ಎಲ್ಲರೂ ಕಂಡಿರುವ ಊರು ನಮ್ಮದು, ಹೀಗೆ ಹೇಳಿದರೆ ಯಾರಿಗೆ ಅರ್ಥವಾಗುವುದಿಲ್ಲ?

ಮಳೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಲ್ಟಿನ ಗಾಡಿಗೆ ಗಾಳಿ ಬೇಕು, ಬಿಸಿ ಹೋಗಲು. ಆ ಗಾಳಿಯ ಪೈಪು ಮೇಲೆ ಇದ್ದರೂ ಹಳ್ಳ ದಾಟುವಾಗ ನೀರು ಒಳಗೆ ಹೋಗಬಹುದು. ಹೋದರೆ ಬೆಲ್ಟ್ ಜಾರುತ್ತದೆ, ಏರಿನ ಮಧ್ಯದಲ್ಲಿ ಗಾಡಿ ನಿಂತು ಹಿಂದಕ್ಕೆ ಬರುತ್ತದೆ. ಮುಚ್ಚಳದ ಕೆಳಗೆ ನೀರು ಬಿಡುವ ಪ್ಲಗ್ ಇರುತ್ತದೆ. ಅದನ್ನು ಬಿಚ್ಚಿ ನೀರು ಹರಿಸಿ, ನ್ಯೂಟ್ರಲ್‌ನಲ್ಲಿ ಹಾಕಿ ಸ್ವಲ್ಪ ಹೊತ್ತು ರೇಸ್ ಮಾಡಿದರೆ ಒಣಗುತ್ತದೆ. ಇದು ಕಂಪನಿಯ ಪುಸ್ತಕದಲ್ಲೇ ಇದೆ, ಆದರೆ ಇಂಗ್ಲಿಷಿನಲ್ಲಿದೆ. ಸೆಕೆಂಡ್‌ಹ್ಯಾಂಡ್ ತಂದ ನನಗೆ ಆ ಪುಸ್ತಕವೂ ಸಿಕ್ಕಿರಲಿಲ್ಲ.

ಈಗ ಘಟ್ಟದ ಹೋಮ್‌ಸ್ಟೇಗಳಲ್ಲಿ ಪ್ರವಾಸಿಗರಿಗೂ ಈ ಗಾಡಿ ಕೊಡುತ್ತಿದ್ದಾರೆ. ಬೆಂಗಳೂರಿನಿಂದ ಬಂದ ಮಕ್ಕಳು ಸ್ಕೂಟರ್ ಅಂದುಕೊಂಡು ಹತ್ತುತ್ತಾರೆ. ಅವರಿಗೆ ಹೆಲ್ಮೆಟ್ ಕೊಟ್ಟರೆ ಸಾಲದು, ಈ ಗಾಡಿ ಇಳಿಜಾರಿನಲ್ಲಿ ಎಂಜಿನ್ ಹಿಡಿಯುವಂಥದ್ದೋ ಬಿಡುವಂಥದ್ದೋ ಅಂತ ಕೊಡುವವರೇ ತಿಳಿದು ಹೇಳಬೇಕು. ತಿಳಿಯುವುದು ಕಷ್ಟವಲ್ಲ. ಸಣ್ಣ ಇಳಿಜಾರಿನಲ್ಲಿ, ಕೆಳಗೆ ಸಮತಟ್ಟು ಇರುವ ಕಡೆ, ಟ್ರೈಲರ್ ಇಲ್ಲದೆ, ಕೈ ಬ್ರೇಕಿನ ಮೇಲಿಟ್ಟು ಎಕ್ಸಲೇಟರ್ ಬಿಟ್ಟು ನೋಡಿದರೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ನಾನು ಕೊಳ್ಳುವ ದಿನ ಇಷ್ಟು ಮಾಡಿದ್ದರೆ ಸಾಕಿತ್ತು.

ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟು. ಮುಂದಿನ ಸಲ ಯಾವ ಎಟಿವಿಯ ಬಗ್ಗೆ ಬರೆದರೂ ಸಿಸಿ, ಬೆಲೆ ಜೊತೆಗೆ ಕ್ಲಚ್ ಯಾವ ಜಾತಿ, ಬೆಲ್ಟೋ ಗೇರೋ, ಎಂಜಿನ್ ಹಿಡಿತ ಇದೆಯೋ ಇಲ್ಲವೋ, ಬೆಲ್ಟಿನ ಬೆಲೆ ಎಷ್ಟು, ಹಾಸನದಲ್ಲೇ ಸಿಗುತ್ತದೋ ಬೆಂಗಳೂರಿನಿಂದ ತರಿಸಬೇಕೋ, ಇದನ್ನೂ ಹಾಕಿ. ಮಾರುವವರನ್ನು ಕೇಳಿ ಹಾಕಿ. ಅವರಿಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂದರು ಅಂತಲೇ ಹಾಕಿ.

ನಮ್ಮ ಮೇಸ್ತ್ರಿ ಈಗ ಕೆಲಸಕ್ಕೆ ಬರುತ್ತಿದ್ದಾರೆ, ಸ್ವಲ್ಪ ಕುಂಟುತ್ತಾರೆ. ಹಳೆಯ ಟಯರನ್ನೇ ವಾಪಸ್ ಹಾಕಿಸಿದ್ದೇವೆ. ಏರಿಗೂ ಇಳಿತಕ್ಕೂ ಗಾಡಿ 'ಎಲ್'ನಲ್ಲೇ ಇರುತ್ತದೆ, ಡ್ರಮ್ ಅರ್ಧಕ್ಕಿಂತ ಜಾಸ್ತಿ ತುಂಬುವುದಿಲ್ಲ, ಭಾರ ಇಟ್ಟುಕೊಂಡು ಆ ಮೇಲಿನ ಬ್ಲಾಕಿನಿಂದ ಇಳಿಯುವುದನ್ನೇ ಬಿಟ್ಟಿದ್ದೇವೆ. ಒಮ್ಮುಖ ಬೇರಿಂಗ್ ಇರುವ ಪುಲ್ಲಿ ನಮ್ಮ ಗಾಡಿಗೆ ಹೊಂದುತ್ತದೋ ಅಂತ ಅಕ್ಕನ ಮಗ ಹುಡುಕುತ್ತಿದ್ದಾನೆ. ನಿಮ್ಮ ವರದಿಗಾರರು ಈ ಕಡೆ ಬಂದರೆ ತೋಟಕ್ಕೆ ಬರಲಿ, ಮುಚ್ಚಳ ಬಿಚ್ಚಿ ಎಲ್ಲ ತೋರಿಸುತ್ತೇನೆ. ಸುಟ್ಟ ಎರಡು ಬೆಲ್ಟನ್ನೂ ಶೆಡ್ಡಿನ ಮೊಳೆಗೆ ನೇತುಹಾಕಿ ಇಟ್ಟಿದ್ದೇನೆ, ಫೋಟೊ ತೆಗೆದುಕೊಳ್ಳಬಹುದು.

ಇತಿ,
ಒಬ್ಬ ಕಾಫಿ ಬೆಳೆಗಾರ
ಸಕಲೇಶಪುರ ತಾಲ್ಲೂಕು